ಎಪಿ ಯುಎಸ್ ಹಿಸ್ಟರಿ ಪರೀಕ್ಷೆಗೆ ತಯಾರಿ: ಅಮೆರಿಕದ ಕನ್ನಡ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ಅಮೆರಿಕದಲ್ಲಿ ಹೈಸ್ಕೂಲ್ ಓದುತ್ತಿರುವ ಮಕ್ಕಳು ಮತ್ತು ಅವರ ಅಪ್ಪ-ಅಮ್ಮಂದಿರು ಎದುರಿಗೆ, ಫೋನಿನಲ್ಲಿ, ಪತ್ರದಲ್ಲಿ ಕೇಳುತ್ತಾ ಬಂದಿರುವ ಪ್ರಶ್ನೆಗಳು ಇಲ್ಲಿವೆ. ಕೇಳಿದವರ ಮಾತನ್ನು ಆದಷ್ಟು ಹಾಗೇ ಉಳಿಸಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ಒಂದೊಂದು ಉತ್ತರವೂ ಬಿಡಿಯಾಗಿ ಓದಿದರೂ ಅರ್ಥವಾಗುತ್ತದೆ. ಬೇಕಾದಲ್ಲಿಂದ ಶುರುಮಾಡಿ.

## ಮೊದಲು ತಿಳಿಯಬೇಕಾದ್ದು

ಮಗಳು ಮುಂದಿನ ವರ್ಷ ಎಪಿ ಯುಎಸ್ ಹಿಸ್ಟರಿ ತಗೋತೀನಿ ಅಂತಿದ್ದಾಳೆ. ಶಾಲೆಯ ಮಾಮೂಲಿ ಹಿಸ್ಟರಿಗೂ ಇದಕ್ಕೂ ಏನು ವ್ಯತ್ಯಾಸ?

ಎಪಿ ಅಂದರೆ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್, ಹೈಸ್ಕೂಲಿನಲ್ಲೇ ನಡೆಯುವ ಕಾಲೇಜು ಮಟ್ಟದ ಪಾಠ. ಮಕ್ಕಳು ಇದನ್ನು 'ಏಪುಶ್' ಅನ್ನುತ್ತಾರೆ. ಪಠ್ಯಕ್ರಮ ರೂಪಿಸುವುದು ಕಾಲೇಜ್ ಬೋರ್ಡ್ ಸಂಸ್ಥೆ. ಪಾಠ ಮಾಡುವುದು ಶಾಲೆಯ ಟೀಚರ್. ಪರೀಕ್ಷೆ ಮೇ ತಿಂಗಳಲ್ಲಿ. ಹೆಚ್ಚಿನ ಮಕ್ಕಳು ಹನ್ನೊಂದನೇ ಗ್ರೇಡ್‌ನಲ್ಲಿ ಬರೆಯುತ್ತಾರೆ.

ಸ್ಕೋರ್ 1ರಿಂದ 5ರವರೆಗೆ ಇರುತ್ತದೆ. 3 ಬಂದರೆ ಪಾಸಾದ ಹಾಗೆ. ಕಾಲೇಜು ಕ್ರೆಡಿಟ್ (ಆ ಪಾಠವನ್ನು ಕಾಲೇಜಿನಲ್ಲೇ ಮುಗಿಸಿದ ಹಾಗೆ ಲೆಕ್ಕಕ್ಕೆ ಹಿಡಿಯುವುದು) ಮಾತ್ರ ಒಂದೊಂದು ಕಡೆ ಒಂದೊಂದು ಥರ. ಕೆಲವು ಕಾಲೇಜುಗಳಿಗೆ 3 ಸಾಕು, ಕೆಲವು 4 ಅಥವಾ 5 ಕೇಳುತ್ತವೆ, ಕೆಲವು ಕೊಡುವುದೇ ಇಲ್ಲ. ಇನ್ನೊಂದು ವಿಷಯ ತುಂಬಾ ಜನರಿಗೆ ಗೊತ್ತಿರುವುದಿಲ್ಲ. ಶಾಲೆಯ ಗ್ರೇಡ್ ಬೇರೆ, ಮೇ ಪರೀಕ್ಷೆಯ ಸ್ಕೋರ್ ಬೇರೆ. ಕ್ಲಾಸಿನಲ್ಲಿ 'ಎ' ಬಂದವರಿಗೆ ಪರೀಕ್ಷೆಯಲ್ಲಿ 5 ಬಂದೇ ಬರುತ್ತದೆ ಅಂತೇನೂ ಇಲ್ಲ.

ನಾವಿರೋದು ನ್ಯೂಯಾರ್ಕ್‌ನಲ್ಲಿ. ರೀಜೆಂಟ್ಸ್ ಪರೀಕ್ಷೆಗೂ ಎಪಿಗೂ ಬೇರೆ ಬೇರೆ ಓದಬೇಕಾ?

ರೀಜೆಂಟ್ಸ್ ಅಂದರೆ ನ್ಯೂಯಾರ್ಕ್ ರಾಜ್ಯ ನಡೆಸುವ ಪರೀಕ್ಷೆ. ವಿಷಯ ಬಹುಪಾಲು ಒಂದೇ. ರೂಪ ಬೇರೆ. ನ್ಯೂಯಾರ್ಕ್‌ನ ಯುಎಸ್ ಹಿಸ್ಟರಿ ಆ್ಯಂಡ್ ಗವರ್ನಮೆಂಟ್ ರೀಜೆಂಟ್ಸ್‌ನಲ್ಲಿ 28 ಬಹು ಆಯ್ಕೆ ಪ್ರಶ್ನೆಗಳು ಇರುತ್ತವೆ. ಆಮೇಲೆ ಎರಡೆರಡು ದಾಖಲೆ ಓದಿ ಬರೆಯುವ ಎರಡು ಚಿಕ್ಕ ಪ್ರಬಂಧಗಳು. ಕೊನೆಗೆ ಆರು ದಾಖಲೆಗಳ ಮೇಲೆ ಒಂದು ದೊಡ್ಡ ಪ್ರಬಂಧ. ಪಾಸಾಗಲು 65 ಬೇಕು. ಎಪಿಗೆ ಚೆನ್ನಾಗಿ ಓದಿದವರು ಸಂವಿಧಾನ ಮತ್ತು ಸುಪ್ರೀಂ ಕೋರ್ಟ್ ತೀರ್ಪುಗಳನ್ನು ಇನ್ನೊಮ್ಮೆ ನೋಡಿಕೊಂಡು, ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿ ರೂಪ ತಿಳಿದುಕೊಂಡರೆ ಸಾಕು. ಟೆಕ್ಸಸ್‌ನಲ್ಲಿರುವವರಿಗೆ ಒಂದು ಮಾತು: ಅಲ್ಲಿನ ರಾಜ್ಯ ಪರೀಕ್ಷೆಯ ಒತ್ತು 1877ರ ನಂತರದ ಕಾಲದ ಮೇಲೆ. ಎಪಿ ಹಾಗಲ್ಲ, ಅದು 1491ರಿಂದಲೇ ಶುರುವಾಗುತ್ತದೆ.

ಪರೀಕ್ಷೆ ಎಷ್ಟು ಹೊತ್ತು, ಏನೇನು ಇರುತ್ತೆ?

ಒಟ್ಟು 3 ಗಂಟೆ 15 ನಿಮಿಷ, ನಾಲ್ಕು ಭಾಗ.

ಮೊದಲನೆಯದು 55 ಬಹು ಆಯ್ಕೆ ಪ್ರಶ್ನೆಗಳು, 55 ನಿಮಿಷ, ತೂಕ ಶೇ 40. ಎರಡನೆಯದು ಮೂರು ಶಾರ್ಟ್ ಆನ್ಸರ್, 40 ನಿಮಿಷ, ಶೇ 20. ಮೂರನೆಯದು ದಾಖಲೆಗಳ ಮೇಲಿನ ಪ್ರಬಂಧ. ಎಲ್ಲರೂ ಅದನ್ನು ಡಿಬಿಕ್ಯೂ ಅನ್ನುತ್ತಾರೆ. ಏಳು ದಾಖಲೆ ಕೊಡುತ್ತಾರೆ. ಓದಲು ಹೇಳಿರುವ 15 ನಿಮಿಷವೂ ಸೇರಿ 60 ನಿಮಿಷ, ಶೇ 25. ಕೊನೆಯದು ಲಾಂಗ್ ಎಸ್ಸೇ. ಮೂರರಲ್ಲಿ ಒಂದನ್ನು ಆರಿಸಿ 40 ನಿಮಿಷದಲ್ಲಿ ಬರೆಯಬೇಕು, ಶೇ 15.

ಲೆಕ್ಕ ಹಾಕಿ ನೋಡಿ. ಶೇ 60ರಷ್ಟು ಅಂಕ ಬರವಣಿಗೆಗೆ ಹೋಗುತ್ತದೆ. ಬಹು ಆಯ್ಕೆ ಪ್ರಶ್ನೆಗಳನ್ನು ಮಾತ್ರ ತಿಂಗಳುಗಟ್ಟಲೆ ಬಿಡಿಸುವ ಮಕ್ಕಳು ದೊಡ್ಡ ಭಾಗವನ್ನೇ ಕೈಬಿಟ್ಟ ಹಾಗೆ ಆಗುತ್ತದೆ. 2025ರಿಂದ ಇಡೀ ಪರೀಕ್ಷೆ ಬ್ಲೂಬುಕ್ ಆ್ಯಪ್‌ನಲ್ಲಿ, ಕಂಪ್ಯೂಟರ್ ಮೇಲೆ. ಟೈಪ್ ಮಾಡಿ ಪ್ರಬಂಧ ಬರೆದು ರೂಢಿ ಇರಬೇಕು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಹಾಗಾಗಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬೇಡಿ.

ಯಾವ ಕಾಲದಿಂದ ಜಾಸ್ತಿ ಪ್ರಶ್ನೆ ಬರುತ್ತೆ?

ಪಠ್ಯಕ್ರಮದಲ್ಲಿ ಒಂಬತ್ತು ಕಾಲಘಟ್ಟಗಳಿವೆ. ಮೊದಲನೆಯದು (1491–1607) ಮತ್ತು ಕೊನೆಯದು (1980ರಿಂದ ಇವತ್ತಿನವರೆಗೆ) ಶೇ 4ರಿಂದ 6 ಮಾತ್ರ. ಎರಡನೆಯದು (1607–1754) ಶೇ 6ರಿಂದ 8. ಉಳಿದ ಆರಕ್ಕೂ ತಲಾ ಶೇ 10ರಿಂದ 17. ಡಿಬಿಕ್ಯೂ ವಿಷಯ 1754ರಿಂದ 1980ರ ಒಳಗೇ ಬರುತ್ತದೆ. ಕೊಲಂಬಸ್, ಜೇಮ್ಸ್‌ಟೌನ್, ಪ್ಯೂರಿಟನ್ನರು ಅಂತ ಸೆಪ್ಟೆಂಬರ್ ಪೂರ್ತಿ ಕಳೆದು, ಏಪ್ರಿಲ್‌ನಲ್ಲಿ ಶೀತಲ ಸಮರಕ್ಕೆ ಮೂರೇ ದಿನ ಉಳಿಸಿಕೊಳ್ಳುವುದು ಆಗಬಾರದು.

ಇಸವಿ, ಹೆಸರು ಎಲ್ಲಾ ಬಾಯಿಪಾಠ ಮಾಡಿಸ್ತಿದ್ದೀನಿ. ಸರಿ ತಾನೇ?

ಅಷ್ಟು ಬೇಡ. ನಾವು ಎಸ್ಸೆಸ್ಸೆಲ್ಸಿ ಓದಿದ್ದು ಹಾಗೆ, ಅದಕ್ಕೇ ನಮಗೆ ಅದೇ ದಾರಿ ಕಾಣುತ್ತದೆ. ಈ ಪರೀಕ್ಷೆ 'ಯಾವ ಇಸವಿ' ಅಂತ ಕೇಳುವುದಿಲ್ಲ. ಯಾಕೆ ಆಯಿತು, ಅದರಿಂದ ಏನಾಯಿತು, ಮುಂಚೆಗಿಂತ ಏನು ಬದಲಾಯಿತು, ಏನು ಹಾಗೇ ಉಳಿಯಿತು ಅಂತ ಕೇಳುತ್ತದೆ.

ಆದರೆ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು ಖಂಡಿತ ಗೊತ್ತಿರಬೇಕು. ಕ್ರಮ ತಪ್ಪಿದರೆ ಕಾರಣವೂ ತಪ್ಪುತ್ತದೆ. ಕೆಲವೇ ಇಸವಿಗಳನ್ನು ಗಟ್ಟಿ ಮಾಡಿಸಿ: 1607, 1763, 1776, 1787, 1803, 1820, 1848, 1861–65, 1877, 1898, 1917, 1929, 1941, 1954, 1964–65. ಪ್ರತಿಯೊಂದರ ಮುಂದೆ 'ಇದಕ್ಕೆ ಮುಂಚೆ ಏನಿತ್ತು, ಇದರ ನಂತರ ಏನಾಯಿತು' ಅಂತ ಒಂದೊಂದು ವಾಕ್ಯ ಮಗುವಿನ ಬಾಯಿಂದ ಬರಲಿ. ಅಷ್ಟು ಬಂದರೆ ಮಿಕ್ಕಿದ್ದು ಅದಕ್ಕೆ ಅಂಟಿಕೊಳ್ಳುತ್ತಾ ಹೋಗುತ್ತದೆ.

ಮಗ ಕಂಪ್ಯೂಟರ್ ಸೈನ್ಸ್‌ಗೆ ಹೋಗೋನು. ಈ ಹಿಸ್ಟರಿ ಯಾಕೆ ಅವನಿಗೆ?

ಅವನು ಈ ದೇಶದಲ್ಲಿ ಬೆಳೆಯುತ್ತಿದ್ದಾನೆ. ನಾಳೆ ಇಲ್ಲಿ ಮತ ಹಾಕಬಹುದು, ಜ್ಯೂರಿಯಲ್ಲಿ ಕೂರಬಹುದು. ತಾನಿರುವ ನೆಲದ ಕಥೆ ಅವನಿಗೆ ಬೇಕು. ಜೊತೆಗೆ, ಏಳು ದಾಖಲೆ ಓದಿ ಒಂದು ಗಂಟೆಯಲ್ಲಿ ವಾದ ಕಟ್ಟುವ ಅಭ್ಯಾಸ ಯಾವ ಕೆಲಸಕ್ಕಾದರೂ ಬರುತ್ತದೆ.

## ಓದುವ ಬಗೆ

ಪಠ್ಯಪುಸ್ತಕ ಇಟ್ಟಿಗೆ ಥರ ಇದೆ. ಎಲ್ಲಾ ಓದಬೇಕಾ?

ಓದಬೇಕು. ಆದರೆ ಸಾಲು ಸಾಲಿಗೆ ಹೈಲೈಟರ್ ಎಳೆಯುತ್ತಾ ಓದುವುದು ಬೇಡ. ಮೊದಲು ಕಾಲೇಜ್ ಬೋರ್ಡ್‌ನ ಪಠ್ಯಕ್ರಮದ ದಾಖಲೆಯನ್ನು ಇಳಿಸಿಕೊಳ್ಳಿ. ಅದು ಉಚಿತ. ಒಂದೊಂದು ಕಾಲಘಟ್ಟದಲ್ಲೂ ಏನು ತಿಳಿದಿರಬೇಕು ಅಂತ ಅದರಲ್ಲಿ ಸ್ಪಷ್ಟವಾಗಿದೆ. ಅಧ್ಯಾಯ ತೆರೆಯುವ ಮೊದಲು ಅದರ ಸಂಬಂಧಪಟ್ಟ ಪುಟ ಓದಿಕೊಂಡರೆ, ಪುಸ್ತಕದಲ್ಲಿ ಯಾವುದು ಮುಖ್ಯ, ಯಾವುದು ಅಲಂಕಾರ ಅಂತ ಗೊತ್ತಾಗುತ್ತದೆ.

ಅಧ್ಯಾಯ ಮುಗಿದ ಮೇಲೆ ಪುಸ್ತಕ ಮುಚ್ಚಿ. ಖಾಲಿ ಹಾಳೆಯಲ್ಲಿ ನೆನಪಿರುವುದನ್ನು ಬರೆಯಿರಿ. ಆಮೇಲೆ ತೆರೆದು, ಬಿಟ್ಟುಹೋದದ್ದನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಸೇರಿಸಿ. ಎರಡು ಸಲ ಸುಮ್ನೆ ಓದುವುದಕ್ಕಿಂತ ಇದು ಎಷ್ಟೋ ಮೇಲು. ಕಾಲೇಜ್ ಬೋರ್ಡ್‌ನ ಜಾಲತಾಣವಾದ ಎಪಿ ಕ್ಲಾಸ್‌ರೂಮ್‌ನಲ್ಲಿ ಟೀಚರ್ ತೆರೆದುಕೊಡುವ ಪ್ರಶ್ನೆಗಳನ್ನು ಬಿಡಬೇಡಿ. ಖಾನ್ ಅಕಾಡೆಮಿಯಲ್ಲೂ ಉಚಿತ ಪಾಠಗಳಿವೆ. ದುಡ್ಡು ಕೊಟ್ಟು ಕೋಚಿಂಗ್ ಸೇರಿಸುವ ಮೊದಲು ಇವನ್ನೆಲ್ಲ ಬಳಸಿ ನೋಡಿ ಅಂತ ನನ್ನ ಕಳಕಳಿಯ ಮಾತು.

ನಾವು ಬೆಂಗಳೂರಿಂದ ಬಂದು ಒಂದು ವರ್ಷ ಆಯ್ತು. ಅಮೆರಿಕದ ಚರಿತ್ರೆ ಮಗನಿಗೆ ಏನೂ ಗೊತ್ತಿಲ್ಲ. ಇಲ್ಲಿನ ಮಕ್ಕಳು ಐದನೇ ಕ್ಲಾಸಿಂದ ಓದಿರ್ತಾರಲ್ವಾ?

ಹೌದು, ಅವರಿಗೆ ಒಂದಿಷ್ಟು ಹೆಸರುಗಳು ಕಿವಿಗೆ ಬಿದ್ದಿರುತ್ತವೆ. ಈ ಕೊರತೆ ಬೇಸಿಗೆ ರಜೆಯಲ್ಲಿ ತುಂಬಬಹುದು. ಮೊದಲು ನಕ್ಷೆ. ಹದಿಮೂರು ವಸಾಹತುಗಳು, ಅಪಲೇಚಿಯನ್ ಬೆಟ್ಟ, ಮಿಸಿಸಿಪ್ಪಿ ನದಿ, 1803ರಲ್ಲಿ ಫ್ರಾನ್ಸ್‌ನಿಂದ ಕೊಂಡ ಲೂಸಿಯಾನಾ, 1848ರಲ್ಲಿ ಮೆಕ್ಸಿಕೊ ಬಿಟ್ಟುಕೊಟ್ಟ ನೆಲ. ಆಮೇಲೆ ಸರ್ಕಾರದ ಮೂರು ಅಂಗಗಳು, ರಾಜ್ಯಕ್ಕೂ ಕೇಂದ್ರಕ್ಕೂ ಇರುವ ಅಧಿಕಾರದ ಹಂಚಿಕೆ. 1787ರ ಸಂವಿಧಾನ, 1791ರ ಮೊದಲ ಹತ್ತು ತಿದ್ದುಪಡಿಗಳು. ಭಾರತದ ಸಂವಿಧಾನ ಓದಿದ ಹುಡುಗನಿಗೆ ಇದು ಬೇಗ ಹಿಡಿಯುತ್ತದೆ.

ಅವನಿಗೆ ಆಗಲೇ ಗೊತ್ತಿರುವ ಚರಿತ್ರೆಯೂ ಕೈ ಹಿಡಿಯುತ್ತದೆ. ಕಾರ್ನ್‌ವಾಲಿಸ್ ಹೆಸರು ಕೇಳದ ಕರ್ನಾಟಕದ ಮಕ್ಕಳು ಕಡಿಮೆ. 1791ರ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆ ಹಿಡಿದು, 1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದಕ್ಕೆ ಟಿಪ್ಪುವಿನ ಸಹಿ ಹಾಕಿಸಿಕೊಂಡವನು. ಅದಕ್ಕೆ ಹತ್ತು ವರ್ಷ ಮುಂಚೆ, 1781ರ ಅಕ್ಟೋಬರ್‌ನಲ್ಲಿ, ಯಾರ್ಕ್‌ಟೌನ್‌ನಲ್ಲಿ ಅಮೆರಿಕ ಮತ್ತು ಫ್ರಾನ್ಸ್‌ನ ಸೇನೆಗೆ ಶರಣಾದವನೂ ಅವನೇ. ಈ ಎರಡು ಯುದ್ಧಗಳಿಗೆ ನೇರ ನಂಟಿದೆ. 1778ರಲ್ಲಿ ಫ್ರಾನ್ಸ್ ಅಮೆರಿಕದ ಪರ ನಿಂತಿತು. ಬ್ರಿಟಿಷರು ಭಾರತದಲ್ಲಿದ್ದ ಫ್ರೆಂಚ್ ನೆಲೆಗಳ ಮೇಲೆ ಬಿದ್ದರು. 1779ರಲ್ಲಿ ಮಾಹೆ ಹಿಡಿದರು. ಹೈದರಾಲಿಗೆ ಫ್ರೆಂಚ್ ಸರಕು ಬರುತ್ತಿದ್ದದ್ದು ಆ ಬಂದರಿನಿಂದ. 1780ರಲ್ಲಿ ಎರಡನೇ ಮೈಸೂರು ಯುದ್ಧ ಶುರುವಾಯಿತು. 1782ರಲ್ಲಿ ಫಿಲಡೆಲ್ಫಿಯಾದವರು ಬ್ರಿಟಿಷರ ವಿರುದ್ಧ ಕಳಿಸಿದ ಒಂದು ಹಡಗಿನ ಹೆಸರೇ 'ಹೈದರ್ ಆಲಿ'. ಡೆಲಾವೇರ್ ಕೊಲ್ಲಿಯಲ್ಲಿ ಅದು ತನಗಿಂತ ಬಲವಾದ ಬ್ರಿಟಿಷ್ ಹಡಗನ್ನು ಸೆರೆಹಿಡಿಯಿತು. ಹಡಗಿನ ಕಥೆ ಪರೀಕ್ಷೆಯಲ್ಲಿ ಬರುವುದಿಲ್ಲ, ನಿಜ. ಆದರೆ ಅಮೆರಿಕದ ಕ್ರಾಂತಿ ಜಗತ್ತಿನ ತುಂಬ ನಡೆದ ಒಂದು ದೊಡ್ಡ ಜಗಳದ ಭಾಗ ಅಂತ ತಿಳಿದ ಮಗು ಬರೆಯುವ ಹಿನ್ನೆಲೆಯ ಪ್ಯಾರಾಕ್ಕೆ ತೂಕ ಬರುತ್ತದೆ.

ನಮಗೇ ಈ ಚರಿತ್ರೆ ಗೊತ್ತಿಲ್ಲ. ಮಗಳಿಗೆ ಹೇಗೆ ಸಹಾಯ ಮಾಡೋದು?

ಗೊತ್ತಿಲ್ಲದಿರುವುದೇ ಒಳ್ಳೆಯದು ಅಂದುಕೊಳ್ಳಿ. ಊಟಕ್ಕೆ ಕೂತಾಗ 'ಇವತ್ತು ಏನು ಓದಿದೆ, ನನಗೆ ಹೇಳು' ಅನ್ನಿ. ಮಧ್ಯೆ ಮಧ್ಯೆ 'ಯಾಕೆ?' ಅಂತ ಕೇಳಿ. ಟೀ ಮೇಲಿನ ತೆರಿಗೆಗೆ ಯಾಕೆ ಅಷ್ಟು ಸಿಟ್ಟು? 1773ರ ಕಾಯ್ದೆಯಿಂದ ಟೀ ಅಗ್ಗ ಆಗಿತ್ತಲ್ಲ? ಈ ಪ್ರಶ್ನೆಗೆ ಉತ್ತರ ಹುಡುಕುವಾಗ ಆಕೆ ಈಸ್ಟ್ ಇಂಡಿಯಾ ಕಂಪನಿಯ ಸಾಲದ ಕಷ್ಟ, ಅದಕ್ಕೆ ಸಿಕ್ಕ ಏಕಸ್ವಾಮ್ಯ, ಬಾಸ್ಟನ್ ವ್ಯಾಪಾರಿಗಳ ಭಯ, 'ಪ್ರತಿನಿಧಿ ಇಲ್ಲದೆ ತೆರಿಗೆ ಇಲ್ಲ' ಅನ್ನುವ ತತ್ವ ಎಲ್ಲವನ್ನೂ ತಾನೇ ಜೋಡಿಸಬೇಕಾಗುತ್ತದೆ. ಕನ್ನಡದಲ್ಲೇ ಹೇಳಲಿ. ಕನ್ನಡದಲ್ಲಿ ಅಜ್ಜಿಗೆ ಅರ್ಥವಾಗುವ ಹಾಗೆ ಹೇಳಲು ಬಂದರೆ ವಿಷಯ ತಲೆಗೆ ಇಳಿದಿದೆ ಅಂತ ಧೈರ್ಯವಾಗಿ ನಂಬಬಹುದು.

ಮಾರ್ಚ್ ಮುಗೀತಾ ಬಂತು, ನಾನು ಏನೂ ಓದಿಲ್ಲ. ಇನ್ನು ಸಾಧ್ಯನಾ?

ಸಾಧ್ಯ. ಮೊದಲು ಒಂದು ಪೂರ್ತಿ ಅಭ್ಯಾಸ ಪರೀಕ್ಷೆ ಬರೆದು ಎಲ್ಲಿ ಬಿದ್ದಿದ್ದೀಯ ನೋಡಿಕೋ. ಮೂರರಿಂದ ಎಂಟರವರೆಗಿನ ಕಾಲಘಟ್ಟಗಳನ್ನು ಮೊದಲು ಹಿಡಿ. ಒಂದಕ್ಕೆ ನಾಲ್ಕು ದಿನ. ಪ್ರತಿ ವಾರಾಂತ್ಯ ಒಂದು ಡಿಬಿಕ್ಯೂ, ಗಡಿಯಾರ ಇಟ್ಟುಕೊಂಡು. ಒಂದು, ಎರಡು, ಒಂಬತ್ತನೆಯ ಕಾಲಘಟ್ಟಕ್ಕೆ ಕೊನೆಯಲ್ಲಿ ಎರಡೆರಡು ದಿನ ಸಾಕು. ರಾತ್ರಿ ನಿದ್ದೆಗೆಟ್ಟು ಓದಬೇಡ.

## ಮಕ್ಕಳು ಎಡವುವ ವಿಷಯಗಳು

ಅಂತರ್ಯುದ್ಧಕ್ಕೆ ಕಾರಣ 'ರಾಜ್ಯಗಳ ಹಕ್ಕು' ಅಂತ ಬರೆದರೆ ತಪ್ಪಾ? ನಮ್ಮ ಪಕ್ಕದ ಮನೆಯವರು ಹಾಗೇ ಹೇಳ್ತಾರೆ.

ಹಾಗೆ ಬರೆದು ನಿಲ್ಲಿಸಿದರೆ ತಪ್ಪು. ಯಾವ ಹಕ್ಕು, ಯಾತಕ್ಕೆ ಅಂತ ಕೇಳಬೇಕು. ಉತ್ತರ ಗುಲಾಮಗಿರಿ. 1860ರ ಹೊತ್ತಿಗೆ ಸುಮಾರು 40 ಲಕ್ಷ ಜನ ಗುಲಾಮರಾಗಿದ್ದರು. ಅವರ ದುಡಿಮೆಯ ಮೇಲೆ ದಕ್ಷಿಣದ ಹತ್ತಿ ವ್ಯಾಪಾರ ನಿಂತಿತ್ತು. ಮಿಸಿಸಿಪ್ಪಿ ರಾಜ್ಯ ಒಕ್ಕೂಟ ಬಿಡುವಾಗ ಹೊರಡಿಸಿದ ಘೋಷಣೆಯೇ ತನ್ನ ನಿಲುವು ಗುಲಾಮಗಿರಿಯ ಜೊತೆ ಪೂರ್ತಿಯಾಗಿ ಬೆಸೆದುಕೊಂಡಿದೆ ಅಂತ ಹೇಳುತ್ತದೆ.

ಇನ್ನೊಂದು ಗಟ್ಟಿ ಸಾಕ್ಷಿ 1850ರ ಫ್ಯುಜಿಟಿವ್ ಸ್ಲೇವ್ ಆ್ಯಕ್ಟ್. ತಪ್ಪಿಸಿಕೊಂಡು ಉತ್ತರಕ್ಕೆ ಬಂದವರನ್ನು ಹಿಡಿದು ಕೊಡಬೇಕು ಅಂತ ಆ ಕಾಯ್ದೆ. ಉತ್ತರದ ಕೆಲವು ರಾಜ್ಯಗಳು ತಮ್ಮದೇ ಕಾನೂನು ಮಾಡಿ ಅದನ್ನು ತಡೆಯಲು ನೋಡಿದವು. ಆಗ ಕೇಂದ್ರದ ಬಲ ಬಳಸಿ ಅವನ್ನು ಬಗ್ಗಿಸಿ ಅಂತ ಒತ್ತಾಯ ಮಾಡಿದ್ದು ದಕ್ಷಿಣದವರೇ. ರಾಜ್ಯಗಳ ಹಕ್ಕೇ ಅವರ ತತ್ವವಾಗಿದ್ದರೆ ಹೀಗೆ ಕೇಳುತ್ತಿರಲಿಲ್ಲ ಅಲ್ವಾ?

ಸರಣಿಯನ್ನು ಹೀಗೆ ಹಿಡಿದುಕೊಳ್ಳಿ: 1820ರ ಮಿಸೌರಿ ರಾಜಿ, 1846–48ರ ಮೆಕ್ಸಿಕೊ ಯುದ್ಧ, 1850ರ ರಾಜಿ, 1854ರ ಕಾನ್ಸಸ್–ನೆಬ್ರಾಸ್ಕಾ ಕಾಯ್ದೆ, 1857ರ ಡ್ರೆಡ್ ಸ್ಕಾಟ್ ತೀರ್ಪು, 1860ರಲ್ಲಿ ಲಿಂಕನ್ ಗೆಲುವು. ಹೊಸ ನೆಲ ಸೇರಿದಾಗಲೆಲ್ಲ 'ಇಲ್ಲಿ ಗುಲಾಮಗಿರಿ ಇರಬೇಕೋ ಬೇಡವೋ' ಅನ್ನುವ ಜಗಳ ಮತ್ತೆ ಎದ್ದಿತು. ಈ ಒಂದು ವಾಕ್ಯ ಎಷ್ಟೋ ಪ್ರಶ್ನೆಗಳಿಗೆ ಬೀಗದ ಕೈ.

ಇದರ ಬಿಸಿ ನಮ್ಮ ನೆಲಕ್ಕೂ ತಟ್ಟಿತ್ತು. ಯುದ್ಧದಿಂದ ಅಮೆರಿಕದ ಹತ್ತಿ ನಿಂತಾಗ ಇಂಗ್ಲೆಂಡಿನ ಗಿರಣಿಗಳು ಭಾರತದ ಕಡೆ ತಿರುಗಿದವು. ಧಾರವಾಡ ಸೀಮೆಯಲ್ಲಿ 1840ರ ದಶಕದಲ್ಲೇ ಅಮೆರಿಕನ್ ತಳಿಯ ಹತ್ತಿ ಬೆಳೆಯಲು ಶುರುವಾಗಿತ್ತು. ಯುದ್ಧದ ವರ್ಷಗಳಲ್ಲಿ ಹತ್ತಿಗೆ ಭಾರಿ ಬೆಲೆ ಬಂತು, ಯುದ್ಧ ಮುಗಿದ ಮೇಲೆ ಬಿದ್ದುಹೋಯಿತು.

ರೀಕನ್‌ಸ್ಟ್ರಕ್ಷನ್ ಎಷ್ಟು ಓದಿದರೂ ತಲೆಗೆ ಹತ್ತಲ್ಲ. ಗೆದ್ದಿದ್ದಾ, ಸೋತಿದ್ದಾ?

ರೀಕನ್‌ಸ್ಟ್ರಕ್ಷನ್ ಅಂದರೆ ಅಂತರ್ಯುದ್ಧದ ನಂತರ, 1877ರವರೆಗೆ, ದಕ್ಷಿಣವನ್ನು ಮತ್ತೆ ಕಟ್ಟಲು ನೋಡಿದ ಕಾಲ. ಗೆದ್ದಿದ್ದು, ಸೋತಿದ್ದು ಎರಡೂ. ಅದಕ್ಕೇ ಪರೀಕ್ಷೆಗೆ ಅದು ಇಷ್ಟದ ವಿಷಯ. ಕಾಗದದ ಮೇಲೆ ನಡೆದದ್ದು, ನೆಲದ ಮೇಲೆ ನಡೆದದ್ದು ಅಂತ ಎರಡು ಸಾಲು ಮಾಡಿಕೋ.

ಕಾಗದದ ಮೇಲೆ ನಡೆದದ್ದು ದೊಡ್ಡದು. 13ನೇ ತಿದ್ದುಪಡಿ (1865) ಗುಲಾಮಗಿರಿ ತೆಗೆಯಿತು. 14ನೆಯದು (1868) ಇಲ್ಲಿ ಹುಟ್ಟಿದವರಿಗೆ ಪೌರತ್ವ ಮತ್ತು ಕಾನೂನಿನ ಮುಂದೆ ಸಮಾನ ರಕ್ಷಣೆ ಕೊಟ್ಟಿತು. 15ನೆಯದು (1870) ಬಣ್ಣದ ಕಾರಣಕ್ಕೆ ಮತದ ಹಕ್ಕು ಕಸಿಯಬಾರದು ಅಂದಿತು. ಅದೇ 1870ರಲ್ಲಿ ಮಿಸಿಸಿಪ್ಪಿಯಿಂದ ಹೈರಮ್ ರೆವೆಲ್ಸ್ ಸೆನೆಟ್‌ಗೆ ಹೋದರು. ಆ ಸದನದ ಮೊದಲ ಆಫ್ರಿಕನ್ ಅಮೆರಿಕನ್ ಸದಸ್ಯ ಅವರು.

ನೆಲದ ಮೇಲೆ ಕಥೆ ಬೇರೆ. ಸ್ವಾತಂತ್ರ್ಯ ಸಿಕ್ಕವರಿಗೆ ಜಮೀನು ಸಿಗಲಿಲ್ಲ. ಹಳೆಯ ಒಡೆಯರ ಹೊಲದಲ್ಲೇ ಪಾಲಿಗೆ ದುಡಿದು ಸಾಲದಲ್ಲಿ ಸಿಕ್ಕಿಕೊಂಡರು. ಕೂ ಕ್ಲಕ್ಸ್ ಕ್ಲಾನ್ ಅನ್ನುವ ಬಿಳಿಯರ ಗುಪ್ತ ಗುಂಪು ಕಪ್ಪು ಜನರನ್ನು ಹೊಡೆದು ಬಡಿದು ಮತ ಹಾಕದಂತೆ ಮಾಡಿತು. 1876ರ ಚುನಾವಣೆಯ ಜಗಳ 1877ರಲ್ಲಿ ರಾಜಿಯಾಗಿ, ಹೇಯ್ಸ್ ಅಧ್ಯಕ್ಷರಾದರು. ದಕ್ಷಿಣದಲ್ಲಿ ಉಳಿದಿದ್ದ ಕೇಂದ್ರದ ಸೈನ್ಯ ಪಕ್ಕಕ್ಕೆ ಸರಿಯಿತು. ಸುಪ್ರೀಂ ಕೋರ್ಟ್‌ನ 1896ರ ಪ್ಲೆಸ್ಸಿ ತೀರ್ಪು ಬಿಳಿಯರನ್ನೂ ಕಪ್ಪು ಜನರನ್ನೂ ಬೇರೆ ಬೇರೆ ಇಡುವ ಬೇರ್ಪಡಿಕೆಗೆ ಮುದ್ರೆ ಒತ್ತಿತು. ಆದರೆ 14ನೇ ತಿದ್ದುಪಡಿ ಸಾಯಲಿಲ್ಲ. ಶಾಲೆಗಳಲ್ಲಿ ಬೇರ್ಪಡಿಕೆ ಸಲ್ಲದು ಅಂದ 1954ರ ಬ್ರೌನ್ ತೀರ್ಪು ಅದನ್ನೇ ಆಧಾರವಾಗಿ ಹಿಡಿಯಿತು. ಈ ನೂರು ವರ್ಷದ ಎಳೆ ಕೈಯಲ್ಲಿದ್ದರೆ ಅರ್ಧ ಪಠ್ಯಕ್ರಮ ಕೈಯಲ್ಲಿದ್ದ ಹಾಗೆ.

ಇಬ್ಬರು ರೂಸ್‌ವೆಲ್ಟ್, ಇಬ್ಬರು ಜಾನ್ಸನ್, ಮೂರು 'ಡೀಲ್'. ಗೊಂದಲ ಆಗುತ್ತೆ!

ಸ್ಕ್ವೇರ್ ಡೀಲ್ ಥಿಯೋಡರ್ ರೂಸ್‌ವೆಲ್ಟ್‌ದು, 1900ರ ದಶಕ, ದೊಡ್ಡ ಕಂಪನಿಗಳ ಮೇಲೆ ಹಿಡಿತ. ನ್ಯೂ ಡೀಲ್ ಫ್ರ್ಯಾಂಕ್ಲಿನ್ ರೂಸ್‌ವೆಲ್ಟ್‌ದು, 1933ರಿಂದ, ಮಹಾ ಕುಸಿತಕ್ಕೆ ಉತ್ತರ. ಫೇರ್ ಡೀಲ್ ಟ್ರೂಮನ್‌ದು, 1949. ಆ್ಯಂಡ್ರೂ ಜಾನ್ಸನ್ ಲಿಂಕನ್ ಹತ್ಯೆಯ ನಂತರ ಬಂದವರು, ಲಿಂಡನ್ ಜಾನ್ಸನ್ ಕೆನಡಿ ಹತ್ಯೆಯ ನಂತರ ಬಂದವರು. ಮೊದಲನೆಯವರು ಕಪ್ಪು ಜನರ ಹಕ್ಕಿನ ಮಸೂದೆಗಳಿಗೆ ಅಡ್ಡ ನಿಂತರು, ಎರಡನೆಯವರು 1964ರ ನಾಗರಿಕ ಹಕ್ಕುಗಳ ಮತ್ತು 1965ರ ಮತದ ಹಕ್ಕಿನ ಕಾಯ್ದೆಗಳಿಗೆ ಸಹಿ ಹಾಕಿದರು. ಇದೇ ಥರ ಗ್ರೇಟ್ ಅವೇಕನಿಂಗ್ (ಕ್ರೈಸ್ತ ಧರ್ಮದ ಹುರುಪಿನ ಅಲೆ) ಕೂಡ ಎರಡು. ಮೊದಲನೆಯದು 1730–40ರ ದಶಕ. ಎರಡನೆಯದು 1800ರ ನಂತರ. ಕುಡಿತ ಬಿಡಿಸುವ ಮತ್ತು ಗುಲಾಮಗಿರಿ ವಿರೋಧಿಸುವ ಚಳವಳಿಗಳಿಗೆ ಬಲ ಕೊಟ್ಟದ್ದು ಎರಡನೆಯದು.

ಈ ಚರಿತ್ರೆಯಲ್ಲಿ ನಮ್ಮಂಥವರು ಎಲ್ಲಾದರೂ ಬರ್ತಾರಾ?

ಬರುತ್ತಾರೆ. ಮಕ್ಕಳು ಅದನ್ನು ತಿಳಿದಿರಬೇಕು ಅಂತ ನನಗೆ ತುಂಬ ಆಸೆ. 1907ರಲ್ಲಿ ವಾಷಿಂಗ್ಟನ್ ರಾಜ್ಯದ ಬೆಲ್ಲಿಂಗ್‌ಹ್ಯಾಮ್‌ನಲ್ಲಿ ಮರದ ಗಿರಣಿಗಳಲ್ಲಿ ದುಡಿಯುತ್ತಿದ್ದ ಪಂಜಾಬಿಗಳನ್ನು ಗುಂಪು ಕಟ್ಟಿ ಓಡಿಸಿದರು. 1917ರ ವಲಸೆ ಕಾಯ್ದೆ ಭಾರತವೂ ಸೇರಿ ಏಷ್ಯಾದ ಬಹುಭಾಗಕ್ಕೆ ಬಾಗಿಲು ಮುಚ್ಚಿತು. 1923ರಲ್ಲಿ ಭಗತ್ ಸಿಂಗ್ ಥಿಂದ್ ಅನ್ನುವವರ ಮೊಕದ್ದಮೆ ಸುಪ್ರೀಂ ಕೋರ್ಟ್‌ಗೆ ಬಂತು. ಅಮೆರಿಕದ ಸೇನೆಯಲ್ಲಿ ಸೇವೆ ಮಾಡಿದವರು ಅವರು. ಭಾರತೀಯರು ಬಿಳಿಯರಲ್ಲ, ಹಾಗಾಗಿ ಪೌರತ್ವ ಇಲ್ಲ ಅಂತ ಕೋರ್ಟ್ ಹೇಳಿತು. 1946ರ ಲೂಸ್–ಸೆಲ್ಲರ್ ಕಾಯ್ದೆ ಪೌರತ್ವದ ಹಾದಿ ತೆರೆಯಿತು, ಆದರೆ ಭಾರತಕ್ಕೆ ವರ್ಷಕ್ಕೆ 100 ಜನ ಮಾತ್ರ. 1956ರಲ್ಲಿ ಕ್ಯಾಲಿಫೋರ್ನಿಯಾದಿಂದ ದಲೀಪ್ ಸಿಂಗ್ ಸೌಂದ್ ಕಾಂಗ್ರೆಸ್‌ಗೆ ಆರಿಸಿಬಂದರು.

ಆಮೇಲೆ 1965ರ ವಲಸೆ ಕಾಯ್ದೆ. ದೇಶದ ಲೆಕ್ಕದ ಹಳೆಯ ಕೋಟಾ ಹೋಯಿತು. ಕುಟುಂಬ ಮತ್ತು ಕೌಶಲಕ್ಕೆ ಆದ್ಯತೆ ಬಂತು. ಕನ್ನಡದ ಡಾಕ್ಟರು, ಎಂಜಿನಿಯರುಗಳು ದೊಡ್ಡ ಸಂಖ್ಯೆಯಲ್ಲಿ ಇಲ್ಲಿಗೆ ಬರಲು ಆದದ್ದು ಇದರ ನಂತರ. ಈ ಕಾಯ್ದೆ ಬಂದದ್ದು ನಾಗರಿಕ ಹಕ್ಕುಗಳ ಹೋರಾಟ ಜೋರಾಗಿದ್ದ ಕಾಲದಲ್ಲಿ. ನಾವು ಇಲ್ಲಿರುವುದರ ಹಿಂದೆ ಆಫ್ರಿಕನ್ ಅಮೆರಿಕನ್ನರ ಹೋರಾಟದ ಋಣ ಇದೆ ಅಂತ ಮಕ್ಕಳಿಗೆ ಹೇಳಿಕೊಡಿ. ವಲಸೆಯ ಪ್ರಶ್ನೆ ಬಂದರೆ 1882ರ ಚೀನೀಯರ ತಡೆ ಕಾಯ್ದೆ, 1924ರ ಕೋಟಾ ಕಾಯ್ದೆ, 1965 ಈ ಮೂರನ್ನು ಜೋಡಿಸಿ ಬರೆದರೆ ಒಳ್ಳೆಯ ಉತ್ತರ ಆಗುತ್ತದೆ.

## ಬರವಣಿಗೆ

ಬಹು ಆಯ್ಕೆ ಪ್ರಶ್ನೆಯಲ್ಲಿ ಉದ್ದುದ್ದ ಓದೋಕೆ ಕೊಡ್ತಾರೆ. ಟೈಮ್ ಸಾಲಲ್ಲ.

ಪ್ರಶ್ನೆಗಳು ಗುಂಪಾಗಿ ಬರುತ್ತವೆ. ಒಂದು ಬರಹ, ಚಿತ್ರ, ನಕ್ಷೆ ಅಥವಾ ವ್ಯಂಗ್ಯಚಿತ್ರ, ಅದರ ಮೇಲೆ ಮೂರು-ನಾಲ್ಕು ಪ್ರಶ್ನೆ. ಮೊದಲು ಕೆಳಗಿನ ಮೂಲ ಮತ್ತು ಇಸವಿ ನೋಡು. 1904ರ ವ್ಯಂಗ್ಯಚಿತ್ರದಲ್ಲಿ ಸ್ಟ್ಯಾಂಡರ್ಡ್ ಆಯಿಲ್ ಆಕ್ಟೋಪಸ್ ಆಗಿ ಸಂಸತ್ ಭವನವನ್ನು ಸುತ್ತಿಕೊಂಡಿದೆ ಅಂದರೆ, ಚಿತ್ರ ಪೂರ್ತಿ ನೋಡುವ ಮೊದಲೇ ಟ್ರಸ್ಟ್‌ಗಳು (ಇಡೀ ವ್ಯಾಪಾರವನ್ನೇ ಹಿಡಿದಿಟ್ಟ ದೊಡ್ಡ ಕಂಪನಿಗಳು), ಅವಕ್ಕೆ ಕಡಿವಾಣ ಹಾಕಲು ಹೊರಟ ಪ್ರೊಗ್ರೆಸಿವ್ ಸುಧಾರಕರು ತಲೆಗೆ ಬರಬೇಕು. ಕೊಟ್ಟ ಆಯ್ಕೆಗಳಲ್ಲಿ ಎಷ್ಟೋ ಮಾತುಗಳು ಸುಳ್ಳಲ್ಲ, ಆದರೆ ಬೇರೆ ಕಾಲಕ್ಕೆ ಸೇರಿದವು. ಅವನ್ನು ಮೊದಲು ಹೊಡೆದುಹಾಕು.

ಶಾರ್ಟ್ ಆನ್ಸರ್‌ಗೆ ಎಷ್ಟು ಬರೀಬೇಕು? ಪೀಠಿಕೆ ಬೇಕಾ?

ಪೀಠಿಕೆ ಬೇಡ. ಪ್ರತಿ ಪ್ರಶ್ನೆಗೂ ಎ, ಬಿ, ಸಿ ಅಂತ ಮೂರು ಭಾಗ, ಒಂದಕ್ಕೆ ಒಂದು ಅಂಕ. ಪ್ರತಿ ಭಾಗಕ್ಕೂ ಮೂರು ವಾಕ್ಯ ಸಾಕು: ನೇರ ಉತ್ತರ, ಹೆಸರಿರುವ ಒಂದು ನಿರ್ದಿಷ್ಟ ಉದಾಹರಣೆ, ಆ ಉದಾಹರಣೆ ಉತ್ತರಕ್ಕೆ ಹೇಗೆ ಹೊಂದುತ್ತದೆ ಅನ್ನುವ ವಿವರಣೆ. ಮೂರನೇ ವಾಕ್ಯವನ್ನೇ ಹೆಚ್ಚಿನವರು ಬಿಡುತ್ತಾರೆ. ಅಂಕ ಹೋಗುವುದೂ ಅಲ್ಲೇ.

ಟೀಚರ್ ಪ್ರತಿ ಸಲ 'ಥೀಸಿಸ್ ವೀಕ್' ಅಂತ ಬರೀತಾರೆ. ಗಟ್ಟಿ ಮಾಡೋದು ಹೇಗೆ?

ಥೀಸಿಸ್ ಅಂದರೆ ಯಾರಾದರೂ 'ನಾನು ಒಪ್ಪಲ್ಲ' ಅನ್ನಬಹುದಾದ ಮಾತು, ಅದರ ಜೊತೆ ನಿನ್ನ ಕಾರಣಗಳು. 'ಪ್ರೊಗ್ರೆಸಿವ್ ಸುಧಾರಣೆಗಳು ಅಮೆರಿಕವನ್ನು ಹಲವು ರೀತಿಯಲ್ಲಿ ಬದಲಿಸಿದವು' ಅಂದರೆ ಯಾರೂ ಜಗಳಕ್ಕೆ ಬರುವುದಿಲ್ಲ, ಹಾಗಾಗಿ ಅಂಕವೂ ಇಲ್ಲ. ಹೀಗೆ ಬರೆದು ನೋಡು: 'ದಕ್ಷಿಣದ ಜನಾಂಗ ಬೇರ್ಪಡಿಕೆಯನ್ನು ಸುಧಾರಕರು ಬಹುಮಟ್ಟಿಗೆ ಮುಟ್ಟಲಿಲ್ಲವಾದರೂ, 1906ರ ಆಹಾರ ಮತ್ತು ಔಷಧ ಕಾಯ್ದೆ, 1913ರ ಆದಾಯ ತೆರಿಗೆ ಮತ್ತು ಸೆನೆಟ್‌ಗೆ ನೇರ ಚುನಾವಣೆಯ ತಿದ್ದುಪಡಿಗಳ ಮೂಲಕ ಕೇಂದ್ರ ಸರ್ಕಾರ ಮತ್ತು ಪ್ರಜೆಯ ನಡುವಿನ ಸಂಬಂಧವನ್ನೇ ಬದಲಿಸಿದರು.' ಮೊದಲ ಅರ್ಧ ಎದುರು ಮಾತನ್ನು ಒಪ್ಪಿಕೊಳ್ಳುತ್ತದೆ, ಎರಡನೇ ಅರ್ಧ ನಿನ್ನ ವಾದ. ಪ್ರಬಂಧದ ಪ್ಯಾರಾಗಳು ಆ ವಾಕ್ಯದಿಂದಲೇ ಹುಟ್ಟುತ್ತವೆ.

ಡಿಬಿಕ್ಯೂಗೆ ಏಳು ಅಂಕ ಹೇಗೆ ಹಂಚ್ತಾರೆ?

ಥೀಸಿಸ್‌ಗೆ 1. ಹಿನ್ನೆಲೆಗೆ 1. ಮೂರು ದಾಖಲೆಗಳ ವಿಷಯ ಬಳಸಿದರೆ 1, ನಾಲ್ಕು ದಾಖಲೆಗಳನ್ನು ನಿನ್ನ ವಾದಕ್ಕೆ ಬಳಸಿದರೆ 2. ದಾಖಲೆಗಳಲ್ಲಿ ಇಲ್ಲದ, ಹೊರಗಿನ ಒಂದು ನಿರ್ದಿಷ್ಟ ಸಾಕ್ಷಿಗೆ 1. ಎರಡು ದಾಖಲೆಗಳ ಮೂಲದ ವಿಶ್ಲೇಷಣೆಗೆ (ಸೋರ್ಸಿಂಗ್) 1. ಕೊನೆಯ 1 ಆಳವಾದ ತಿಳಿವಳಿಕೆಗೆ, ಅದಕ್ಕೇ ಕಾಂಪ್ಲೆಕ್ಸಿಟಿ ಪಾಯಿಂಟ್ ಅನ್ನುವುದು. ಹಳೆಯ ಗೈಡ್ ಪುಸ್ತಕಗಳಲ್ಲಿ ಆರು ದಾಖಲೆ, ಮೂರು ವಿಶ್ಲೇಷಣೆ ಅಂತ ಇರುತ್ತದೆ. ಅದು ಹಿಂದಿನ ನಿಯಮ. ಅಣ್ಣ, ಅಕ್ಕ ಬಳಸಿದ ಪುಸ್ತಕ ಕೊಡುವಾಗ ಈ ಪುಟ ನೋಡಿಕೊಡಿ.

ಹಿಂದಿನ ವರ್ಷಗಳ ಪ್ರಬಂಧ ಪ್ರಶ್ನೆಗಳು, ಮಕ್ಕಳು ಬರೆದ ಮಾದರಿ ಉತ್ತರಗಳು, ಅವಕ್ಕೆ ಯಾಕೆ ಅಷ್ಟು ಅಂಕ ಬಂತು ಅನ್ನುವ ಟಿಪ್ಪಣಿ ಎಲ್ಲವೂ ಕಾಲೇಜ್ ಬೋರ್ಡ್‌ನಲ್ಲಿ ಉಚಿತ. ಅವನ್ನು ಓದಿ, ಟಿಪ್ಪಣಿ ನೋಡುವ ಮೊದಲು ನೀನೇ ಅಂಕ ಹಾಕು. ಇದಕ್ಕಿಂತ ಒಳ್ಳೆಯ ಪಾಠ ನಾನು ನೋಡಿಲ್ಲ.

ದಾಖಲೆಯ 'ಸೋರ್ಸಿಂಗ್' ಅಂದ್ರೆ ಬರೆದವರ ಹೆಸರು ಹೇಳೋದು ತಾನೇ?

ಸಾಲದು. ಯಾರು, ಯಾರಿಗೆ, ಯಾವಾಗ, ಯಾತಕ್ಕೆ ಹೇಳಿದರು, ಅದರಿಂದ ಅವರ ಮಾತಿನ ರೂಪ ಹೇಗಾಯಿತು ಅಂತ ಬರೆಯಬೇಕು. ಫ್ರೆಡೆರಿಕ್ ಡಗ್ಲಸ್ 1852ರ ಜುಲೈ 5ರಂದು ರಾಚೆಸ್ಟರ್‌ನಲ್ಲಿ ಮಾಡಿದ ಭಾಷಣ ತೆಗೆದುಕೋ. 1838ರಲ್ಲಿ ಗುಲಾಮಗಿರಿಯಿಂದ ತಪ್ಪಿಸಿಕೊಂಡವರು ಅವರು. ಕರೆದಿದ್ದು ಗುಲಾಮಗಿರಿ ವಿರೋಧಿಸುವ ಮಹಿಳೆಯರ ಸಂಘ. ಫ್ಯುಜಿಟಿವ್ ಸ್ಲೇವ್ ಆ್ಯಕ್ಟ್ ಬಂದು ಎರಡು ವರ್ಷ ಆಗಿತ್ತು. ಕೇಳುವವರು ತಮ್ಮ ಕಡೆಯವರೇ ಆದ್ದರಿಂದ ಅವರು ಮೊದಲು ದೇಶ ಕಟ್ಟಿದವರನ್ನು ಹೊಗಳಿ, ಆಮೇಲೆ ಅದೇ ಆದರ್ಶ ಹಿಡಿದು ದೇಶವನ್ನು ಕಟುವಾಗಿ ಪ್ರಶ್ನಿಸಿದರು. ಸ್ವಾತಂತ್ರ್ಯದ ಹಬ್ಬದ ಮರುದಿನವೇ ಮಾತಾಡಿದ್ದರಿಂದ ಆ ಪ್ರಶ್ನೆ ಇನ್ನೂ ಚುಚ್ಚಿತು. 'ಆದ್ದರಿಂದ' ಅನ್ನುವ ಕೊಂಡಿ ಇದ್ದರೆ ಅಂಕ, ಇಲ್ಲದಿದ್ದರೆ ಬರೀ ಪರಿಚಯ.

ಆ ಕೊನೆಯ ಕಾಂಪ್ಲೆಕ್ಸಿಟಿ ಪಾಯಿಂಟ್ ಯಾರಿಗೂ ಸಿಗಲ್ಲ ಅಂತಾರೆ. ನಿಜಾನಾ?

ಕಷ್ಟ, ಆದರೆ ಸಿಗುತ್ತದೆ. ಈಗಿನ ನಿಯಮದಲ್ಲಿ ದಾರಿಗಳು ಹೆಚ್ಚಿವೆ. ಏಳೂ ದಾಖಲೆಗಳನ್ನು ವಾದಕ್ಕೆ ಚೆನ್ನಾಗಿ ಬಳಸಿದರೂ ಆಗುತ್ತದೆ. ನಾಲ್ಕು ದಾಖಲೆಗಳ ಮೂಲವನ್ನು ಸರಿಯಾಗಿ ವಿಶ್ಲೇಷಿಸಿದರೂ ಆಗುತ್ತದೆ. ಬದಲಾದದ್ದರ ಜೊತೆ ಹಾಗೇ ಉಳಿದದ್ದನ್ನೂ ಪ್ರಬಂಧದ ಉದ್ದಕ್ಕೂ ತೋರಿಸಬಹುದು. ಕೊನೆಯಲ್ಲಿ ಒಂದು ವಾಕ್ಯ ಅಂಟಿಸಿದರೆ ಸಿಗುವುದಿಲ್ಲ. ನ್ಯೂ ಡೀಲ್ ಉದಾಹರಣೆ ನೋಡು. 1935ರ ಸೋಶಿಯಲ್ ಸೆಕ್ಯುರಿಟಿ ಕಾಯ್ದೆ ಮುದುಕರಿಗೆ ಆಸರೆಯಾಯಿತು. ಆದರೆ ಹೊಲದಲ್ಲಿ, ಮನೆಗೆಲಸದಲ್ಲಿ ದುಡಿಯುವವರನ್ನು ಮೊದಲು ಹೊರಗಿಟ್ಟಿತು. ದಕ್ಷಿಣದ ಕಪ್ಪು ಜನರಲ್ಲಿ ಬಹಳ ಮಂದಿ ಮಾಡುತ್ತಿದ್ದದ್ದು ಅದೇ ಕೆಲಸ. ಒಂದೇ ಕಾಯ್ದೆಯ ಎರಡು ಮುಖ ಹೀಗೆ ಕಂಡರೆ ಆ ಅಂಕ ದೂರವಿಲ್ಲ.

ನಾಗರಿಕ ಹಕ್ಕುಗಳ ಪ್ರಬಂಧದಲ್ಲಿ ಗಾಂಧೀಜಿ ಬಗ್ಗೆ ಬರೀಬಹುದಾ? ಅದು ಅಮೆರಿಕದ ಚರಿತ್ರೆ ಅಲ್ವಲ್ಲ?

ಬರೆಯಬಹುದು, ಅಮೆರಿಕದ ಎಳೆಗೆ ಕಟ್ಟಿದರೆ. ಆ ಎಳೆ ನಿಜವಾಗಿಯೂ ಇದೆ. 1846ರಲ್ಲಿ ಹೆನ್ರಿ ಡೇವಿಡ್ ಥೋರೊ ತೆರಿಗೆ ಕಟ್ಟದೆ ಒಂದು ರಾತ್ರಿ ಜೈಲಿನಲ್ಲಿ ಕಳೆದರು. ಗುಲಾಮಗಿರಿಗೂ ಮೆಕ್ಸಿಕೊ ಯುದ್ಧಕ್ಕೂ ಅವರ ವಿರೋಧವಿತ್ತು. ಅದರ ಬಗ್ಗೆ ಅವರು ಬರೆದ ಪ್ರಬಂಧವನ್ನು ಗಾಂಧೀಜಿ ದಕ್ಷಿಣ ಆಫ್ರಿಕಾದಲ್ಲಿದ್ದಾಗ ಓದಿದರು. 1955–56ರ ಮಾಂಟ್ಗೊಮರಿ ಬಸ್ ಬಹಿಷ್ಕಾರದ ವೇಳೆ ಮಾರ್ಟಿನ್ ಲೂಥರ್ ಕಿಂಗ್ ಅವರಿಗೆ ಅಹಿಂಸೆಯ ದಾರಿಯಲ್ಲಿ ಸಲಹೆ ಕೊಟ್ಟವರಲ್ಲಿ ಬೇಯಾರ್ಡ್ ರಸ್ಟಿನ್ ಒಬ್ಬರು. ಅವರು ಅದಕ್ಕೆ ಮುಂಚೆಯೇ ಭಾರತಕ್ಕೆ ಹೋಗಿಬಂದಿದ್ದರು. ಕಿಂಗ್ 1959ರಲ್ಲಿ ಭಾರತಕ್ಕೆ ಬಂದರು.

'ಕಿಂಗ್ ಅವರಿಗೆ ಗಾಂಧಿ ಸ್ಫೂರ್ತಿ' ಅಂತ ಒಂದು ಸಾಲು ಬರೆದು ಬಿಟ್ಟರೆ ಪ್ರಯೋಜನವಿಲ್ಲ. ಆ ಉಪಾಯ ಅಮೆರಿಕದಲ್ಲಿ ಏನು ಮಾಡಿತು ಅಂತ ತೋರಿಸು. 1960ರ ಗ್ರೀನ್ಸ್‌ಬೊರೊ ಧರಣಿಯಲ್ಲಿ, ಬಿಳಿಯರಿಗೆ ಮಾತ್ರ ಇದ್ದ ಊಟದ ಕೌಂಟರಿನಲ್ಲಿ ಕೂತ ಕಪ್ಪು ವಿದ್ಯಾರ್ಥಿಗಳು ಬೈಗುಳ ತಿಂದರೂ ಕೈ ಎತ್ತಲಿಲ್ಲ. 1963ರಲ್ಲಿ ಬರ್ಮಿಂಗ್‌ಹ್ಯಾಮ್ ಪೊಲೀಸರು ಮಕ್ಕಳ ಮೇಲೆ ನಾಯಿ ಬಿಟ್ಟದ್ದು, ನೀರಿನ ಪೈಪು ತಿರುಗಿಸಿದ್ದು ಟೀವಿಯಲ್ಲಿ ದೇಶಕ್ಕೆಲ್ಲ ಕಂಡಿತು. ಒತ್ತಡ ಹೆಚ್ಚಿ ಕೆನಡಿ ಮಸೂದೆ ಮುಂದಿಟ್ಟರು, 1964ರಲ್ಲಿ ಅದು ಕಾಯ್ದೆಯಾಯಿತು. ಡಿಬಿಕ್ಯೂ ಆಗಿದ್ದರೆ, ಕೊಟ್ಟ ದಾಖಲೆಗಳಲ್ಲಿ ಇದು ಇಲ್ಲ ಅಂತ ಖಾತ್ರಿ ಮಾಡಿಕೊಂಡು ಹೊರಗಿನ ಸಾಕ್ಷಿಯಾಗಿ ಇದನ್ನು ಬಳಸು. ಲಾಂಗ್ ಎಸ್ಸೇ ಆಗಿದ್ದರೆ ಒಂದು ಇಡೀ ಪ್ಯಾರಾ ಕೊಡು, ಗ್ರೀನ್ಸ್‌ಬೊರೊ ಮತ್ತು ಬರ್ಮಿಂಗ್‌ಹ್ಯಾಮ್ ಎರಡನ್ನೂ ಹೆಸರಿಸಿ.